ಅತಿಥಿಗೆ ಕೊಟ್ಟ ನೀರು

ವಿಶಾಖಪಟ್ಟಣದ ಗಾಜುವಾಕದಲ್ಲಿ ಎರಡನೇ ಮಹಡಿಯ ಒಂದು ಪುಟ್ಟ ಮನೆಯಲ್ಲಿ ಇನ್ನೂ ದೀಪ ಹಾಕಿಲ್ಲ. ಅಡುಗೆಮನೆಯ ಕಿಟಕಿಯಲ್ಲಿ ಬೆಳಕು ಮೂಡುವುದನ್ನೇ ಕಾಯುತ್ತ ರಾಜ್ಯಶ್ರೀ ಗೋಡೆಗೊರಗಿ ನೆಟ್ಟಗೆ ಕೂತಿದ್ದಾರೆ. ರಾತ್ರಿಯೆಲ್ಲ ಅಂಗಾತ ಮಲಗಿ ಬೆನ್ನು ಮರಗಟ್ಟಿದೆ. ಮಗ್ಗುಲು ಬದಲಿಸಬಹುದಿತ್ತು, ಆದರೆ ಬೋರಲು ಮಲಗುವ ಹಾಗಿಲ್ಲ. ಅವರ ಹೊಟ್ಟೆಗೆ ಬಿಗಿದಿರುವ ಬಟ್ಟೆಯ ಬೆಲ್ಟಿನ ಪುಟ್ಟ ಜೇಬುಗಳಲ್ಲಿ ಪರವಾಡದ ಕಡೆಯ ಒಂದು ಬೀದಿಯ ನೀರು ಬೆಚ್ಚಗೆ ಕೂತಿದೆ.

"ಟ್ಯೂಬ್‌ಲೈಟಿನಾಗೆ ಎಲ್ಲಾ ನೀಲಿಯಾಗೇ ಕಾಣ್ತದ್ರಿ. ಅದಕ್ಕೆ ಬೆಳಕು ಹರಿಯೋ ತನಕ ಬಿಚ್ಚಂಗಿಲ್ಲ," ಎನ್ನುತ್ತಾರೆ.

ಬೆಳಕು ಹರಿಯುತ್ತದೆ. ಬಾಗಿಲ ಹಿಂದೆ ಹೋಗಿ ಬೆಲ್ಟು ಬಿಚ್ಚಿಕೊಂಡು ಬಂದು, ಅಂಗೈಯಗಲದ ಏಳು ಪ್ಲಾಸ್ಟಿಕ್ ಬಿಲ್ಲೆಗಳನ್ನು ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿ ಇಡುತ್ತಾರೆ. ಮೊದಲನೆಯದು ಸೀಲು ಮಾಡಿದ ಬಾಟಲಿಯ ಶುದ್ಧ ನೀರಿನದು. ಪರೀಕ್ಷೆಯಲ್ಲಿ ಕೈತಪ್ಪು ಆಗಿಲ್ಲವೆಂದು ತಿಳಿಯುವುದಕ್ಕೆ ಇಟ್ಟದ್ದು, ಅದು ಸ್ವಚ್ಛವಾಗಿದೆ. ಎರಡನೆಯದು ಬೀದಿ ನಲ್ಲಿಯದು. ಅದರ ಮೇಲೆ ಸಾಸಿವೆ ಚೆಲ್ಲಿದ ಹಾಗೆ ನೀಲಿ ಚುಕ್ಕೆಗಳು. ಉಳಿದ ಐದು ಆ ನಲ್ಲಿಯನ್ನೇ ನಂಬಿರುವ ಐದು ಮನೆಗಳವರು ತಮ್ಮ ಕೈಯಾರೆ ಕೊಟ್ಟ ಲೋಟದ ನೀರಿನವು. ಐದರಲ್ಲಿ ಒಂದರ ಮೇಲೂ ಚುಕ್ಕೆಯಿಲ್ಲ.

ಕಾಫಿಗೆ ಒಲೆ ಹಚ್ಚಲು ಬಂದ ಅತ್ತೆ ಕೋಟೇಶ್ವರಮ್ಮ ಸೊಸೆಯ ಭುಜದ ಮೇಲಿಂದ ಇಣುಕುತ್ತಾರೆ. ಅತ್ತೆ ಸೊಸೆಯರ ಮಾತು ತೆಲುಗಿನಲ್ಲಿ.

"ಹೆರಿಗೆ ಆಯ್ತೇನೇ? ಗಂಡೋ, ಹೆಣ್ಣೋ?"

"ಏನೂ ಇಲ್ಲ ಅತ್ತಯ್ಯ. ಐದೂ ಖಾಲಿ."

"ಖಾಲಿ ಅಂದರೆ ಒಳ್ಳೇದಲ್ಲವೇ? ಮುಖ ಯಾಕೆ ಹಾಗೆ ಮಾಡಿಕೊಂಡಿದ್ದೀಯ?"

ರಾಜ್ಯಶ್ರೀ ನಾಲ್ಕನೆಯ ಬಿಲ್ಲೆಯನ್ನು ಬೆಳಕಿಗೆ ಹಿಡಿದು, ತಿರುಗಿಸಿ, ಮತ್ತೆ ಇಡುತ್ತಾರೆ. ನಲ್ಲಿಯ ನೀರಿನಲ್ಲಿ ಚುಕ್ಕೆ, ಅದನ್ನೇ ತುಂಬಿಕೊಳ್ಳುವ ಮನೆಗಳ ನೀರಿನಲ್ಲಿ ಚುಕ್ಕೆಯಿಲ್ಲ. 

ಎರಡು ಸಾವಿರದ ಮೂವತ್ತರ ಹೊತ್ತಿಗೆ ಹಸಿವು, ಕಾಯಿಲೆ, ಕೊಳಕು ನೀರು ಇವೆಲ್ಲ ನೀಗಬೇಕೆಂದು ಜಗತ್ತಿನ ದೇಶಗಳು 2015ರಲ್ಲಿ ಒಪ್ಪಿಕೊಂಡವು. ಇದಕ್ಕೆ ಸುಸ್ಥಿರ ಅಭಿವೃದ್ಧಿಯ ಗುರಿಗಳು ಎಂದು ಹೆಸರು. ಗುರಿ ಇಟ್ಟುಕೊಂಡ ಮೇಲೆ ಎಷ್ಟು ದೂರ ಬಂದೆವೆಂದು ಅಳೆಯಬೇಕು. ಅಳೆಯಲು ನಮ್ಮ ದೇಶ ಸುಮಾರು ಮುನ್ನೂರು ಸೂಚಕಗಳನ್ನು ಗೊತ್ತುಮಾಡಿಕೊಂಡಿದೆ. ವರದಿಗಳಲ್ಲಿ ಅವು ಶೇಕಡಾವಾರು ಅಂಕಿಗಳಾಗಿ, ಬಣ್ಣದ ನಕ್ಷೆಗಳಾಗಿ ಕಾಣುತ್ತವೆ. ಆ ಅಂಕಿ ಎಲ್ಲಿಂದ ಬಂತೆಂದು ಕೇಳುವವರು ಕಡಿಮೆ. ಒಂದು ಅಂಕಿ ರಾಜ್ಯಶ್ರೀಯವರ ಹೊಟ್ಟೆಯ ಮೇಲಿಂದ ಬರುತ್ತದೆ.

ಕುಡಿಯುವ ನೀರಿನಲ್ಲಿ ಮಲದ ರೋಗಾಣು ಸೇರಿದೆಯೇ ಎಂದು ತಿಳಿಯಲು ನೀರನ್ನು ಸೋಸಿ, ಸೋಸಿದ ಪೊರೆಯನ್ನು ಬಿಲ್ಲೆಯ ಮೇಲಿಟ್ಟು, ಒಂದು ಹಗಲು ಒಂದು ರಾತ್ರಿ ಮೈಬಿಸಿಯಷ್ಟು ಶಾಖದಲ್ಲಿ ಕಾಪಾಡಬೇಕು. ರೋಗಾಣು ಇದ್ದರೆ ನೀಲಿ ಚುಕ್ಕೆಯಾಗಿ ಬೆಳೆಯುತ್ತದೆ. ಪ್ರಯೋಗಾಲಯದಲ್ಲಿ ಇದಕ್ಕೆ ಯಂತ್ರವಿದೆ. ಕರೆಂಟು ಹೋಗಿಬರುವ ಹಳ್ಳಿಗಳಲ್ಲಿ, ದಿನಕ್ಕೊಂದು ಊರು ಸುತ್ತುವವರ ಬಳಿ ಯಂತ್ರವೆಲ್ಲಿ? ಅದಕ್ಕೆ ಮನುಷ್ಯರ ಮೈಯನ್ನೇ ಯಂತ್ರ ಮಾಡಿಕೊಂಡಿದ್ದಾರೆ. ರಾಜ್ಯಶ್ರೀ ಬೆಲ್ಟು ಕಟ್ಟಿಕೊಂಡೇ ಅಡುಗೆ ಮಾಡುತ್ತಾರೆ, ಬಸ್ಸು ಹತ್ತುತ್ತಾರೆ, ನಿದ್ದೆ ಮಾಡುತ್ತಾರೆ. ಜ್ವರ ಬಂದ ದಿನ ಮಾತ್ರ ಕಟ್ಟುವಂತಿಲ್ಲ.

"ಜ್ವರ ಬಂದಿತ್ತು ಅಂತ ಮುಚ್ಚಿಡಬಾರದ್ರಿ. ನಮ್ಮ ಮೈ ಸುಳ್ಳು ಹೇಳಿದ್ರೆ ನೀರೂ ಸುಳ್ಳು ಹೇಳ್ತತಿ."

ಅವರ ಮಾತಿನಲ್ಲಿ ಹರಿಹರ ಇನ್ನೂ ಉಳಿದಿದೆ. ತಂದೆ ಅಣ್ಣಪ್ಪ ಬ್ಯಾಂಕಿನ ಗುಮಾಸ್ತರಾಗಿ ವರ್ಗವಾಗಿ ವಿಶಾಖಪಟ್ಟಣಕ್ಕೆ ಬಂದವರು. ಮರಳುವ ಆದೇಶ ಬಂದಾಗ ಮಗಳು ಇಲ್ಲಿನ ಕಾಲೇಜು ಸೇರಿದ್ದಳು, ಹಾಗಾಗಿ ಇಲ್ಲೇ ಉಳಿದರು. ರಾಜ್ಯಶ್ರೀ ಮದುವೆಯಾದದ್ದು ಪರವಾಡದ ಔಷಧ ಕಾರ್ಖಾನೆಗಳಿಗೆ ಪಾಳಿಯ ಬಸ್ಸು ಓಡಿಸುವ ಜಗನ್ಮೋಹನ್ ಅವರನ್ನು. ಮಗಳು ಶ್ರಾವಣಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ತೆಲುಗಿನಲ್ಲಿ ಬರುತ್ತದೆ. "ಬೈದ್ರೆ ಮಾತ್ರ ಕನ್ನಡದಾಗೆ ತಿರುಗಿ ಬೈತಾಳೆ. ಅದೊಂದು ಸಮಾಧಾನ," ಎಂದು ನಗುತ್ತಾರೆ.

ಸರ್ಕಾರಕ್ಕಾಗಿ ಮಾದರಿ ಸಮೀಕ್ಷೆ ನಡೆಸುವ ಒಂದು ಖಾಸಗಿ ಸಂಸ್ಥೆಯಲ್ಲಿ ಅವರದು ಗುತ್ತಿಗೆಯ ಕೆಲಸ. ವರ್ಷಕ್ಕೊಂದು ಸುತ್ತು, ನಾಲ್ಕು ತಿಂಗಳು. ಸುತ್ತು ಮುಗಿದರೆ ಕೆಲಸವೂ ಮುಗಿಯಿತು. ಮುಂದಿನ ಸುತ್ತಿಗೆ ಕರೆ ಬರುವವರೆಗೆ ಕಾಯಬೇಕು. ಕಳೆದ ವರ್ಷ ಬಸ್ಸಿನ ಒಂದು ಪಾಳಿ ನಿಂತ ಮೇಲೆ ಮನೆ ಬಹುಪಾಲು ಈ ಕರೆಯ ಮೇಲೆಯೇ ನಿಂತಿದೆ.

ಕಿಟಕಿಯ ಕಟ್ಟೆಯ ಮುಂದೆ ಅವರಿಗೆ ನೆನಪಾಗುತ್ತಿರುವುದು ಒಂದು ಲೋಟ. ಪರವಾಡದ ಆ ಬೀದಿಯಲ್ಲಿ ನಿನ್ನೆ ಎರಡನೇ ಮನೆಯಲ್ಲಿ ತಟ್ಟೆಯ ಮೇಲಿಟ್ಟು ಕೊಟ್ಟ ಸ್ಟೀಲ್ ಲೋಟದ ಅಂಚಿನ ಕೆಳಗೆ ಹೆಸರು ಕೊರೆಸಿತ್ತು: ಲಕ್ಷ್ಮೀಪ್ರಸನ್ನ. ಅದು ಮೊದಲನೇ ಮನೆಯಾಕೆಯ ಹೆಸರು. ನಾಲ್ಕನೇ ಮನೆಯಲ್ಲೂ ಅದೇ ಲೋಟ, ಅದೇ ಹೆಸರು. ಅಕ್ಕಪಕ್ಕದವರು ಪಾತ್ರೆ ಪಗಡೆ ಕೊಟ್ಟು ತರುವುದು ಇದ್ದದ್ದೇ ಎಂದುಕೊಂಡಿದ್ದರು. ಈಗ ಖಾಲಿ ಬಿಲ್ಲೆಗಳನ್ನು ನೋಡುವಾಗ ಇನ್ನೊಂದು ನೆನಪಾಗುತ್ತದೆ. ಮಾದರಿ ತೆಗೆದುಕೊಂಡು ಉಳಿದದ್ದನ್ನು ಕುಡಿದಾಗ ಐದೂ ಮನೆಯ ನೀರಿಗೆ ಒಂದೇ ಸಪ್ಪೆ ತಂಪಿತ್ತು. ಬೀದಿಯ ಕೊನೆಯಲ್ಲಿ ಒಂದು ಖಾಲಿ ನೀರಿನ ಕ್ಯಾನು ಮಗುಚಿ ಬಿದ್ದಿತ್ತು. ಅವರು ಮುಂಬಾಗಿಲಿನಿಂದ ಮುಂಬಾಗಿಲಿಗೆ ಹೋಗುತ್ತಿದ್ದಾಗ ಕೊಂಡು ತಂದ ಆ ಕ್ಯಾನೂ ಆ ಒಳ್ಳೆಯ ಲೋಟವೂ ಹಿತ್ತಿಲಿನಿಂದ ಹಿತ್ತಿಲಿಗೆ ಅವರಿಗಿಂತ ಒಂದು ಮನೆ ಮುಂದೆ ಹೋಗುತ್ತಿದ್ದವು.

ಬಂದವರಿಗೆ ಮನೆಯಲ್ಲಿ ಇದ್ದದ್ದನ್ನಲ್ಲ, ಇಲ್ಲದ್ದನ್ನು ತಂದು ಕೊಡುವುದು ಆ ಬೀದಿಯ ಮರ್ಯಾದೆ.

"ತಪ್ಪು ಅವರದಲ್ರಿ, ನಂದೇ," ಎನ್ನುತ್ತಾರೆ ರಾಜ್ಯಶ್ರೀ. "ಮೊದಲು ಒಳಗೆ ಹೋಗಿ ಕೂರ್ಬೇಕು. ಮನೆ ಮಂದಿ, ಮಕ್ಕಳು, ಕಾಯಿಲೆ ಕಸಾಲೆ ಎಲ್ಲಾ ಮಾತಾಡಿ, ಕೊನೆಗೆ ನಿಮ್ಮ ಮಕ್ಕಳು ಕುಡಿಯೋ ನೀರು ಒಂದು ಲೋಟ ಕೊಡ್ರಿ ಅನ್ಬೇಕು. ತರಬೇತಿನಾಗೆ ನಾನೇ ಹೊಸಬ್ರಿಗೆ ಇದನ್ನ ಹೇಳಿಕೊಡೋದು. ನಿನ್ನೆ ಬಿಸಿಲು ಹಂಗಿತ್ತು. ಹೊಸ್ತಿಲಾಗೆ ನಿಂತು, ಅಮ್ಮಾ ಸ್ವಲ್ಪ ನೀರು ಕೊಡ್ತೀರಾ ಅಂದ್ಬಿಟ್ಟೆ. ಹಂಗೆ ಕೇಳಿದೋಳು ಸಮೀಕ್ಷೆಯೋಳಲ್ಲ, ಅತಿಥಿ."

ಹಾಲು ಉಕ್ಕಿದ ವಾಸನೆ. ಕೋಟೇಶ್ವರಮ್ಮ ಒಲೆಯ ಕಡೆ ಓಡುತ್ತಾರೆ. ರಾಜ್ಯಶ್ರೀ ಫೋನು ಕೈಗೆತ್ತಿಕೊಳ್ಳುತ್ತಾರೆ.

ವಿಜಯವಾಡದ ಗವರ್ನರ್‌ಪೇಟೆಯ ಕಚೇರಿಯಲ್ಲಿ ಮೇಲ್ವಿಚಾರಕರಾಗಿರುವ ರಾಮ್‌ಪ್ರಸಾದ್ ಆಗಷ್ಟೇ ಎದ್ದಿದ್ದಾರೆ. ಜಿಲ್ಲೆಯ ಅಂಕಿಗಳನ್ನು ನಾಳೆ ಸಂಜೆಯೊಳಗೆ ಮೇಲಕ್ಕೆ ಕಳಿಸಬೇಕಾದವರು ಅವರು. ಎಲ್ಲ ಕೇಳಿದ ಮೇಲೆ ತೆಲುಗಿನಲ್ಲೇ ಪ್ರಶ್ನೆ ಹಾಕುತ್ತಾರೆ. 

"ಅವರು ಕೊಟ್ಟ ನೀರು ಅದು ತಾನೇ? ನಿಯಮದ ಪ್ರಕಾರ ಸರಿಯಾಗೇ ಇದೆಯಲ್ಲಮ್ಮಾ."

"ಕೊಟ್ಟಿದ್ದು ನನಗೆ ಸಾರ್. ಮನೆಯವರು ಕುಡಿಯೋದು ಬೇರೆ."

"ಮರುಪರೀಕ್ಷೆ ಅಂದರೆ ಕಾರಣ ಬರೀಬೇಕು. ಸಮೀಕ್ಷಕರ ತಪ್ಪು ಅಂತ. ಅಂಥವರನ್ನು ಮುಂದಿನ ಸುತ್ತಿಗೆ ಕರೀಬೇಡಿ ಅಂತ ಈ ಸಲ ಮೇಲಿಂದ ಬಂದಿದೆ. ನಾನು ಮಾಡಿದ ನಿಯಮ ಅಲ್ಲ ಅದು."

"ಗೊತ್ತು ಸಾರ್."

"ಐದು ಮನೆ. ಇಡೀ ದೇಶದ ಲೆಕ್ಕದಲ್ಲಿ ಐದು ಮನೆ ಎಷ್ಟಮ್ಮಾ?"

ರಾಜ್ಯಶ್ರೀ ಕಿಟಕಿಯ ಕಟ್ಟೆಯ ಮೇಲಿನ ಬಿಲ್ಲೆಗಳನ್ನು ಒಂದರ ಮೇಲೊಂದು ಪೇರಿಸುತ್ತಾರೆ. "ಎಲ್ಲರೂ ತಂದುಕೊಡೋದು ಐದೈದೇ ಅಲ್ವಾ ಸಾರ್?"

ಆ ಕಡೆಯಿಂದ ಒಂದು ನಿಟ್ಟುಸಿರು. "ಹಾಗಾದರೆ ಈಗಲೇ ಹೋಗಿ. ಮಧ್ಯಾಹ್ನದ ರೈಲು ಹಿಡಿದು ಬೆಲ್ಟಿನ ಸಮೇತ ಇಲ್ಲಿಗೆ ಬನ್ನಿ. ನಾಳೆ ಬೆಳಿಗ್ಗೆ ಇಲ್ಲೇ ನೋಡೋಣ. ಆ ಮನೆಯವರು ಒಪ್ಪದಿದ್ದರೆ ಮಾತ್ರ ನಿನ್ನೆಯ ಲೆಕ್ಕವೇ ಮೇಲಕ್ಕೆ ಹೋಗುತ್ತೆ, ಜೊತೆಗೆ ನಿಮ್ಮ ಹೆಸರೂ ಕೆಡುತ್ತೆ. ಯೋಚನೆ ಮಾಡಿ."

ಯೋಚನೆ ಮಾಡುವುದು ಶೇರ್ ಆಟೋದಲ್ಲಿ. ಕಂಪನಿ ಬಸ್ಸುಗಳು ಬೆಳಗಿನ ಪಾಳಿಯವರನ್ನು ತುಂಬಿಕೊಂಡು ಒಂದರ ಹಿಂದೊಂದು ದಾಟಿಹೋಗುತ್ತವೆ. ಅದರಲ್ಲಿ ಯಾವುದೋ ಒಂದರ ಸ್ಟೇರಿಂಗಿನ ಹಿಂದೆ ಜಗನ್ಮೋಹನ್ ಇದ್ದಾರೆ. ಅವರಿಗೆ ಈ ವಿಷಯ ಇನ್ನೂ ಗೊತ್ತಿಲ್ಲ. "ಸಂಜೆ ಹೇಳಿದ್ರಾತು. ಈಗ ಹೇಳಿದ್ರೆ ಬಸ್ಸಿನಾಗಿರೋ ಮಂದಿ ಗತಿ ಏನು?" ಎನ್ನುತ್ತಾರೆ ರಾಜ್ಯಶ್ರೀ. ನಗು ಪೂರ್ತಿ ಬರುವುದಿಲ್ಲ.

ಬೀದಿ ನಲ್ಲಿಯ ಹತ್ತಿರ ಬಿಂದಿಗೆಗಳ ಸಾಲು. ಅವರು ಆಟೋದಿಂದ ಇಳಿಯುತ್ತಿದ್ದಂತೆ ಮಾತು ನಿಲ್ಲುತ್ತದೆ. ಒಮ್ಮೆ ಬಂದು ಹೋದ ಸರ್ಕಾರಿ ಗುರುತಿನ ಚೀಟಿ ಮರುದಿನವೇ ಮತ್ತೆ ಬಂತೆಂದರೆ ಎಲ್ಲೋ ಏನೋ ತಪ್ಪಾಗಿದೆ ಎಂದೇ ಅರ್ಥ. ಲಕ್ಷ್ಮೀಪ್ರಸನ್ನ ಮೂವತ್ತರ ಆಸುಪಾಸಿನವರು, ಮನೆಯಲ್ಲೇ ಹೊಲಿಗೆ ಮಾಡುತ್ತಾರೆ. ಬಾಗಿಲಲ್ಲೇ ನಿಲ್ಲುತ್ತಾರೆ. ಒಳಗೆ ಕರೆಯುವುದಿಲ್ಲ.

"ಮತ್ತೆ ಯಾಕೆ ಮೇಡಂ? ನಿನ್ನೆ ಕೊಟ್ಟೆವಲ್ಲ."

"ನಿನ್ನೆ ಕೊಟ್ಟಿದ್ದು ಕ್ಯಾನಿನ ನೀರು ಅಲ್ವಾ ಅಮ್ಮಾ?"

ನಲ್ಲಿಯ ಹತ್ತಿರ ಒಂದು ಬಿಂದಿಗೆ ತುಂಬಿ ಹರಿಯುತ್ತಿದೆ. ಯಾರೂ ತೆಗೆಯುತ್ತಿಲ್ಲ.

"ಆದರೆ ಏನು?" ಲಕ್ಷ್ಮೀಪ್ರಸನ್ನರ ದನಿ ಏರುತ್ತದೆ. "ಮನೆ ಬಾಗಿಲಿಗೆ ಬಂದು ನೀರು ಕೇಳಿದವರಿಗೆ ಬೀದಿ ನಲ್ಲಿ ನೀರು ಕೊಡೋಷ್ಟು ಗತಿಗೆಟ್ಟಿಲ್ಲ ನಾವು. ಅದನ್ನೂ ತಪ್ಪು ಅಂತೀರಾ? ನಾವು ಕಳ್ಳತನ ಮಾಡಿದ ಹಾಗೆ ವಿಚಾರಣೆಗೆ ಬಂದಿದ್ದೀರಿ."

"ತಪ್ಪು ನಾನು ಕೇಳಿದ ರೀತೀದು."

"ಈಗ ನಮ್ಮ ಮನೆ ನೀರು ಕೆಟ್ಟದ್ದು ಅಂತ ಡೆಲ್ಲಿಗೆ ಬರೀತೀರಿ. ಅಲ್ಲಿ ನಮ್ಮ ಬೀದಿ ಹೆಸರು ಓದ್ತಾರೆ. ನಾಳೆ ಈ ಬೀದಿಗೆ ಹೆಣ್ಣು ಯಾರು ಕೊಡ್ತಾರೆ?"

"ಹೆಸರು ಹೋಗೋದಿಲ್ಲಮ್ಮಾ. ಬೀದಿದೂ ಇಲ್ಲ, ನಿಮ್ದೂ ಇಲ್ಲ."

ಸಾಲಿನಲ್ಲಿದ್ದ ಹಿರಿಯಾಕೆ, ಆ ಐದು ಮನೆಗಳಲ್ಲೊಂದರ ಜಯಮ್ಮ, ಸೊಂಟಕ್ಕೆ ಕೈಯಿಟ್ಟು ಕೇಳುತ್ತಾರೆ. "ಹೆಸರೂ ಹೋಗಲ್ಲ, ಊರೂ ಹೋಗಲ್ಲ ಅಂದರೆ ಇನ್ನೇನು ಹೋಗುತ್ತೆ ತಾಯಿ? ನಮ್ಮ ನೀರು ರೈಲಲ್ಲಿ ಯಾತ್ರೆ ಹೋಗುತ್ತಾ?"

ಒಬ್ಬಿಬ್ಬರು ನಗುತ್ತಾರೆ. ಲಕ್ಷ್ಮೀಪ್ರಸನ್ನ ನಗುವುದಿಲ್ಲ. ಮತ್ತೊಬ್ಬಾಕೆ, ಗಾಳಿ ತಿರುಗಿದ ದಿನ ಕಾರ್ಖಾನೆಗಳ ಕಡೆಯಿಂದ ಬರುವ ವಾಸನೆಯನ್ನೂ ಈ ಪರೀಕ್ಷೆ ಹೇಳುತ್ತದೆಯೇ ಎಂದು ವಿಚಾರಿಸುತ್ತಾರೆ. ಇಲ್ಲ, ಇದಕ್ಕೆ ಒಂದೇ ಒಂದು ರೋಗಾಣು ಗೊತ್ತು ಎಂದು ರಾಜ್ಯಶ್ರೀ ಹೇಳಬೇಕಾಗುತ್ತದೆ.  ಪ್ರತಿ ಸೂಚಕಕ್ಕೂ ಅದರದೇ ಒಂದು ಮೌನವಿದೆ. ತಾನು ಅಳೆಯಬೇಕಾದದ್ದನ್ನು ಹೇಳಿ ಉಳಿದದ್ದಕ್ಕೆ ಬೆನ್ನು ತಿರುಗಿಸುತ್ತದೆ. ಆ ಬೆನ್ನನ್ನು ನೋಡುತ್ತ ನಿಲ್ಲಬೇಕಾದವರು ಇಂಥ ಬೀದಿಗಳವರು.

ರಾಜ್ಯಶ್ರೀ ಹೇಳಲಾರದ್ದೂ ಒಂದಿದೆ. ಬೀದಿ ನಲ್ಲಿಯ ಬಿಲ್ಲೆ ಬೆಳಿಗ್ಗೆ ಏನು ತೋರಿಸಿತೆಂದು ಅವರಿಗೆ ಗೊತ್ತು. ಫಲಿತಾಂಶವನ್ನು ಯಾರಿಗೂ ಹೇಳಬಾರದೆಂಬುದು ನಿಯಮ.  ಆದರೂ "ನಮ್ಮ ಮನೇಲಿ ನಾವು ಕಾಸಿ ಆರಿಸಿಯೇ ಕುಡಿಯೋದು" ಎನ್ನುತ್ತಾರೆ, ಯಾರಿಗೆಂದಿಲ್ಲದೆ. ಜಯಮ್ಮ ಅವರ ಮುಖವನ್ನೇ ನೋಡುತ್ತಾರೆ.

"ನಾನು ಕೊಡೋದಿಲ್ಲ," ಎಂದು ಲಕ್ಷ್ಮೀಪ್ರಸನ್ನ ಬಾಗಿಲಿಗೆ ಕೈ ಹಾಕುತ್ತಾರೆ.

ಈ ಬಾಗಿಲು ಮುಚ್ಚಿದರೆ ಉಳಿದ ನಾಲ್ಕೂ ಮುಚ್ಚುತ್ತವೆ. ರಾಜ್ಯಶ್ರೀ ಗುರುತಿನ ಚೀಟಿಯನ್ನು ಕೊರಳಿಂದ ತೆಗೆದು ಚೀಲಕ್ಕೆ ಹಾಕುತ್ತಾರೆ. ಚಪ್ಪಲಿ ಬಿಡುತ್ತಾರೆ.

"ಕೊಡಬೇಡಿ. ನನಗೆ ಬಾಯಾರಿಕೆ ಆಗಿದೆ. ನಿಮ್ಮ ಬಿಂದಿಗೇಲಿ ಇರೋದನ್ನ ನಾನೇ ಬಗ್ಗಿಸಿಕೊಂಡು ಕುಡೀಲಾ?"

ಕದದ ಮೇಲಿನ ಕೈ ಅಲ್ಲೇ ನಿಲ್ಲುತ್ತದೆ. ಅತಿಥಿಯಾದವರು ತಾವೇ ಬಗ್ಗಿಸಿಕೊಂಡು ಕುಡಿಯುವುದಿಲ್ಲ. ಹಾಗೆ ಕುಡಿಯುವವರು ಮನೆಯವರು, ಅಥವಾ ತವರಿಗೆ ಬಂದವರು. ಲಕ್ಷ್ಮೀಪ್ರಸನ್ನ ಪಕ್ಕಕ್ಕೆ ಸರಿಯುವುದು ಒಪ್ಪಿಗೆಯಿಂದಲೋ ಬೆರಗಿನಿಂದಲೋ ಹೇಳುವುದು ಕಷ್ಟ. ಅಡುಗೆಮನೆಯ ಮೂಲೆಯಲ್ಲಿ ಬಿಂದಿಗೆ. ಪಕ್ಕದಲ್ಲಿ ನಗ್ಗಿದ ಅಲ್ಯೂಮಿನಿಯಂ ಲೋಟ, ಹೆಸರಿಲ್ಲದ್ದು. ರಾಜ್ಯಶ್ರೀ ನೀರು ಬಗ್ಗಿಸಿಕೊಂಡು, ಲೋಟವನ್ನು ಎತ್ತಿ, ತುಟಿಗೆ ತಾಗಿಸದೆ ಗಟಗಟನೆ ಕುಡಿಯುತ್ತಾರೆ.  ಹಾಗೆ ಕುಡಿಯಲು ಯಾವ ನಿಯಮವೂ ಹೇಳುವುದಿಲ್ಲ. ಹೇಳಿದ್ದರೂ ಆ ನೀಲಿ ಚುಕ್ಕೆಗಳನ್ನು ಕಂಡವರು ಬೇರೆ ಯಾರೂ ಕುಡಿಯಲಾರರು.

ಲಕ್ಷ್ಮೀಪ್ರಸನ್ನ ಲೋಟ ತೆಗೆದುಕೊಳ್ಳುತ್ತಾರೆ. ಅದಕ್ಕೇ ಮತ್ತೆ ಬಿಂದಿಗೆಯಿಂದ ಬಗ್ಗಿಸಿ, ತುಂಬಿ, ಮುಂದೆ ಹಿಡಿಯುತ್ತಾರೆ.

"ತಗೋ ಅಕ್ಕಾ. ಮಕ್ಕಳು ಕುಡಿಯೋದು ಇದೇ."

ಹಿಂದಿನ ಮಾತಿನವರೆಗೂ ಅವರು ಮೇಡಂ ಆಗಿದ್ದರು.

ಮಧ್ಯಾಹ್ನ ದುವ್ವಾಡ ನಿಲ್ದಾಣದಲ್ಲಿ ರೈಲು ಹತ್ತುವಾಗ ಐದೂ ಮನೆಗಳ ನೀರಿನಿಂದ ಬೆಲ್ಟು ಮತ್ತೆ ತುಂಬಿದೆ. ಏಸಿ ಬೋಗಿಯ ತಂಪು ಆಗದು, ಹಾಗಾಗಿ ಜನರಲ್ ಬೋಗಿಯ ನೂಕುನುಗ್ಗಲು. ಎರಡೂ ಕೈಯನ್ನು ಹೊಟ್ಟೆಗೆ ಅಡ್ಡವಾಗಿ ಹಿಡಿದು ನಿಂತವರನ್ನು ನೋಡಿ ಒಬ್ಬ ಹೆಂಗಸು ಎದ್ದು ಜಾಗ ಬಿಡುತ್ತಾರೆ.

"ಕೂತುಕೋ ತಾಯಿ. ಎಷ್ಟು ತಿಂಗಳು?"

"ನಾಳೆ ಬೆಳಿಗ್ಗೆಗೆ," ಎಂದುಬಿಡುತ್ತಾರೆ ರಾಜ್ಯಶ್ರೀ.

ಆ ಹೆಂಗಸು ಗಾಬರಿಯಾಗಿ ವಿಜಯವಾಡದವರೆಗೂ ಅವರ ಮೇಲಿನ ಕಣ್ಣು ತೆಗೆಯುವುದಿಲ್ಲ. ಗೋದಾವರಿಯ ಸೇತುವೆಯ ಮೇಲೆ ಜನ ಕಿಟಕಿಗೆ ಮುಗಿಬಿದ್ದು ನಾಣ್ಯ ಎಸೆಯುತ್ತಾರೆ. ರಾಜ್ಯಶ್ರೀ ಕಣ್ಣು ಮುಚ್ಚಿ ಕೂತಿದ್ದಾರೆ.   ಒಳಗೂ ಅದೇ ನೀರು, ಹೊರಗೂ ಅದೇ ನೀರು, ನಡುವೆ ಒಂದು ಚರ್ಮ. ಜ್ವರ ಬಂದರೆ ಎಲ್ಲ ಕೆಡುತ್ತದೆ. ಆಗಾಗ ಹಣೆ ಮುಟ್ಟಿ ನೋಡಿಕೊಳ್ಳುತ್ತಾರೆ.

ಜ್ವರ ಬರುವುದಿಲ್ಲ. ಸಂಜೆ ಗವರ್ನರ್‌ಪೇಟೆಯ ಸಗಟು ಅಂಗಡಿಗಳ ಮೇಲಿನ ಕಚೇರಿಯಲ್ಲಿ ರಾಮ್‌ಪ್ರಸಾದ್ ಏಸಿ ಆರಿಸುವವರೆಗೆ ಅವರು ಹೊರಗಿನ ಮೆಟ್ಟಿಲ ಮೇಲೆಯೇ ಕೂರುತ್ತಾರೆ. ಮರುದಿನ ಬೆಳಕು ಹರಿದಾಗ ಇಬ್ಬರೂ ಆ ಕಟ್ಟಡದ ತಾರಸಿಯಲ್ಲಿದ್ದಾರೆ. ಕೆಳಗೆ ಆಟೋಗಳ ಹಾರ್ನು, ಗೋಣಿಚೀಲ ಇಳಿಸುವವರ ಕೂಗು. ಏಳು ಬಿಲ್ಲೆಗಳು ಕಟ್ಟೆಯ ಮೇಲೆ.

ಬಾಟಲಿಯದು ಸ್ವಚ್ಛ. ನಲ್ಲಿಯದು ನೀಲಿ. ಐದು ಮನೆಗಳಲ್ಲಿ ಒಂದು ಸ್ವಚ್ಛ, ಅದು ಜಯಮ್ಮನವರದು. ರಾಜ್ಯಶ್ರೀ ಅವರ ಮನೆಯ ಸರದಿಗೆ ಬರುವಷ್ಟರಲ್ಲಿ ಆಕೆ ಹೋಗಿ ನೀರು ಕಾಸಿದ್ದರೋ, ದಿನವೂ ಕಾಸುತ್ತಾರೋ, ಬಿಲ್ಲೆ ಅದನ್ನು ಹೇಳುವುದಿಲ್ಲ. ಉಳಿದ ನಾಲ್ಕೂ ನೀಲಿ. ಎಲ್ಲಕ್ಕಿಂತ ಹೆಚ್ಚು ಚುಕ್ಕೆ ಲಕ್ಷ್ಮೀಪ್ರಸನ್ನರ ಬಿಂದಿಗೆಯದರಲ್ಲಿ.

ರಾಮ್‌ಪ್ರಸಾದ್ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾರೆ. ಮರುಪರೀಕ್ಷೆಯ ನಮೂನೆಯಲ್ಲಿ ಕಾರಣದ ಜಾಗ ಇನ್ನೂ ಖಾಲಿಯಿದೆ.

"ಬೆಲ್ಟು ಸಡಿಲವಾಗಿ ಮೊದಲನೇ ಸಲದ್ದು ಕೆಟ್ಟಿತು ಅಂತ ಬರೀಲಾ?" ಎಂದು ಕೇಳುತ್ತಾರೆ, ಅವರ ಕಡೆ ನೋಡದೆ. "ಯಂತ್ರದ ದೋಷ ಅಂದರೆ ನಿಮಗೇನೂ ಆಗಲ್ಲಮ್ಮಾ."

ರಾಜ್ಯಶ್ರೀ ಬಿಲ್ಲೆಗಳ ಸಾಲನ್ನು ನೆಟ್ಟಗೆ ಮಾಡುತ್ತಾರೆ. ಕೆಳಗೆ ಯಾರೋ ಯಾರನ್ನೋ ಬೈಯುತ್ತಿದ್ದಾರೆ.

"ಬೇಡ ಸಾರ್. ಬೆಲ್ಟು ಸರಿಯಾಗೇ ಇತ್ತು. ಅದು ಸಡಿಲ ಅಂತ ಬರೆದರೆ ಈ ನಾಲ್ಕು ತಿಂಗಳು ನಾನು ಹೊತ್ತ ಎಲ್ಲಾ ಊರಿನ ನೀರೂ ಸುಳ್ಳಾಗುತ್ತೆ."

ರಾಮ್‌ಪ್ರಸಾದ್ ಬರೆಯುತ್ತಾರೆ. ಸಮೀಕ್ಷಕರ ತಪ್ಪು. ಆಮೇಲೆ ತಾವೇ ಕೆಳಗೆ ಹೋಗಿ ಎರಡು ಲೋಟ ಚಹಾ ತರುತ್ತಾರೆ.

ಆ ಸುತ್ತು ಮುಗಿದಿದೆ. ಮುಂದಿನ ಸುತ್ತಿಗೆ ಕರೆ ಬರುವ ಭರವಸೆ ಅವರಿಗಿಲ್ಲ. ಗಾಜುವಾಕದ ಮನೆಯಲ್ಲಿ ಅವರೀಗ ಬೋರಲು ಮಲಗಿ ನಿದ್ದೆ ಮಾಡುತ್ತಾರಂತೆ. "ಮಲಗೋದನ್ನೂ ಸರ್ಕಾರ ಕಿತ್ತುಕೊಂಡಿತ್ತು, ವಾಪಸು ಕೊಟ್ಟಿತು," ಎಂದು ಕೋಟೇಶ್ವರಮ್ಮ ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಾರೆ. ಜಗನ್ಮೋಹನ್ ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ ಪಾಳಿ ಮುಗಿಸಿ ಬಂದವರು, ಆ ಬೀದಿ ಯಾವುದು, ನನ್ನ ಬಸ್ಸಿನ ದಾರಿಯಲ್ಲೇ ಬರುತ್ತದೆಯೇ ಎಂದಷ್ಟೇ ಕೇಳಿದರು.

ಬೆಲ್ಟನ್ನು ಸಂಸ್ಥೆಗೆ ಹಿಂದಿರುಗಿಸುವ ಮೊದಲು ಒಗೆದು ತಂತಿಗೆ ಹಾಕಿದ್ದಾರೆ. ಖಾಲಿ ಜೇಬುಗಳು ಗಾಳಿಗೆ ಉಬ್ಬಿ ಇಳಿಯುತ್ತಿವೆ. ಮುಂದೇನು ಎಂದು ಕೇಳಿದರೆ ರಾಜ್ಯಶ್ರೀ ಕೆಲಸದ ಮಾತೆತ್ತುವುದಿಲ್ಲ.

"ಆ ಬೀದಿಗೆ ಇನ್ನೊಂದು ಸಲ ಹೋಗ್ಬೇಕು ಅಂತ ಆಸೆ ಐತ್ರಿ. ಇನ್ನು ಹತ್ತು ವರ್ಷ ಆದ್ರೂ ಆಗ್ಲಿ. ಬಿಸಿಲಿನಾಗೆ ಹೋಗಿ, ಹೊಸ್ತಿಲಾಗೇ ನಿಂತು, ಅಮ್ಮಾ ಸ್ವಲ್ಪ ನೀರು ಕೊಡ್ತೀರಾ ಅಂತ ಹಂಗೇ ಕೇಳ್ತೀನಿ. ಆಕಿ ಒಂದು ಚೂರೂ ಯೋಚ್ನೆ ಮಾಡ್ದೆ ನಲ್ಲಿ ತಿರುಗಿಸಿ, ಹೆಸರು ಕೊರೆಸಿದ ಲೋಟದಾಗೆ ಹಿಡಿದು ತಂದುಕೊಡ್ಬೇಕು."

ತಂತಿಯ ಮೇಲಿನ ಬೆಲ್ಟನ್ನು ಮುಟ್ಟಿ ನೋಡುತ್ತಾರೆ. ಇನ್ನೂ ಒದ್ದೆಯಿದೆ.

"ಆವತ್ತು ಇದು ಬೇಕಾಗಂಗಿಲ್ರಿ."